ತುಟ್ಟಿಯಾದ ರೊಟ್ಟಿ, ಪುಕ್ಕಟೆ ಅಕ್ಕಿ: ರಾಮದುರ್ಗದ ಮನೆಗಳ ಲೆಕ್ಕ

ಎರಡು ತಲೆಮಾರಿನ ಹಿಂದೆ ಮಲಪ್ರಭೆಯ ದಂಡೆಯ ಊರುಗಳಲ್ಲಿ ಅನ್ನ ಕಾಣುತ್ತಿದ್ದುದು ಹಬ್ಬಕ್ಕೆ, ಲಗ್ನಕ್ಕೆ, ಬೀಗರು ಬಂದಾಗ. ಉಳಿದ ದಿನ ಮೂರು ಹೊತ್ತೂ ಜೋಳ. ರೊಟ್ಟಿ ಬಡವರದು, ಚಪಾತಿ ನೌಕರಿದಾರರದು, ಅನ್ನ ಉಳ್ಳವರದು ಎಂಬ ಶ್ರೇಣಿ ಎಲ್ಲರಿಗೂ ಗೊತ್ತಿತ್ತು. ಈಗ ಬೆಳಗಾವಿ ಜಿಲ್ಲೆಯ ರಾಮದುರ್ಗದ ಯಾವುದೇ ಕಿರಾಣಿ ಅಂಗಡಿಯಲ್ಲಿ ದರ ಕೇಳಿ ನೋಡಿ. ಒಳ್ಳೆಯ ಬಿಳಿಜೋಳ ಗೋಧಿಯ ದರವನ್ನು ಹಿಂದೆ ಹಾಕಿ ಮುಂದೆ ಹೋದದ್ದನ್ನು ಈ ಕೆಲವು ವರ್ಷಗಳಲ್ಲಿ ನಾವೆಲ್ಲ ಕಂಡಿದ್ದೇವೆ. ಅಕ್ಕಿಯಂತೂ ರೇಷನ್ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತದೆ. ಶ್ರೇಣಿ ತಲೆಕೆಳಗಾಗಿದೆ, ನಾಲಿಗೆ ಮಾತ್ರ ಇನ್ನೂ ಅದೇ ರೊಟ್ಟಿಯನ್ನು ಬೇಡುತ್ತದೆ. ಈ ಎರಡರ ನಡುವೆ ಸಿಕ್ಕ ಮನೆಯೊಂದು ತಿಂಗಳ ದುಡಿಮೆಯನ್ನು ಹೇಗೆ ಹಂಚುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಅರ್ಥಶಾಸ್ತ್ರದ ಅರ್ಧ ಪಠ್ಯ ಅಲ್ಲೇ ಸಿಗುತ್ತದೆ.

ಜೋಳ ತುಟ್ಟಿಯಾದದ್ದಕ್ಕೆ ಕಾರಣಗಳು ಹೊಲದಲ್ಲೇ ಇವೆ. ನವಿಲುತೀರ್ಥದ ಆಣೆಕಟ್ಟಿನಿಂದ ನೀರು ಬಂದ ಕಡೆ ಕಬ್ಬು ಬಂತು, ಗೋವಿನಜೋಳ ಬಂತು. ಎರಿ ಹೊಲಗಳಲ್ಲಿ ಹಿಂಗಾರಿಗೆ ಜೋಳದ ಜಾಗವನ್ನು ಕಡಲೆ ಹಿಡಿಯಿತು. ಜೋಳ ಕೀಳುವುದಕ್ಕೆ, ತೆನೆ ಮುರಿಯುವುದಕ್ಕೆ ಆಳು ಸಿಗುವುದಿಲ್ಲ. ಸಿಕ್ಕರೆ ಕೂಲಿ ಗಿಟ್ಟುವುದಿಲ್ಲ. ದನ ಕಟ್ಟುವುದು ಕಡಿಮೆಯಾದ ಮನೆಗೆ ಕಣಿಕೆಯ ಹಂಬಲವೂ ಇಲ್ಲ. ಇತ್ತ ಬೆಳೆ ಕಡಿಮೆಯಾಗುತ್ತಿದ್ದಾಗ ಅತ್ತ ಬೆಂಗಳೂರು, ಪುಣೆಯವರಿಗೆ ರೊಟ್ಟಿಯ ರುಚಿ ಹತ್ತಿತು. ಸಕ್ಕರೆ ಕಾಯಿಲೆಯವರಿಗೆ ಡಾಕ್ಟರು ಸಿರಿಧಾನ್ಯ ಹೇಳಿದರು, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿತು. ಹುಬ್ಬಳ್ಳಿ, ಬೆಳಗಾವಿಗಳಲ್ಲಿ ಖಟಕ್ ರೊಟ್ಟಿ ಪೊಟ್ಟಣದಲ್ಲಿ ಮಾರಾಟಕ್ಕೆ ಬಂತು. ರೊಟ್ಟಿ ತಟ್ಟಿಯೇ ಬದುಕುವ ಹೆಣ್ಣುಮಕ್ಕಳಿಗೆ ಇದು ಒಳ್ಳೆಯದೇ ಆಯಿತು. ಆದರೆ ರೊಟ್ಟಿಯನ್ನೇ ಊಟವಾಗಿ ನಂಬಿದ ಮನೆಗೆ ಕಷ್ಟ ಬಂತು.

ಲೆಕ್ಕ ಹಾಕಿ ನೋಡೋಣ. ಐದು ಜನರ ಮನೆ ಎಂದಿಟ್ಟುಕೊಳ್ಳಿ. ಒಂದು ಕಿಲೋ ಹಿಟ್ಟಿಗೆ ಹದಿನೈದರ ಆಸುಪಾಸು ರೊಟ್ಟಿ. ದಿನಕ್ಕೆ ಇಪ್ಪತ್ತೆರಡು ರೊಟ್ಟಿ ಹಿಡಿದರೆ ಒಂದೂವರೆ ಕಿಲೋ, ತಿಂಗಳಿಗೆ 45 ಕಿಲೋ ಜೋಳ. ಕಿಲೋಗೆ 35 ರೂಪಾಯಿ ಇದ್ದಾಗ ಇದಕ್ಕೆ 1,575 ರೂಪಾಯಿ. ದರ 60ಕ್ಕೆ ಹೋಯಿತೆನ್ನಿ, 2,700. ನಡುವಿನ ಅಂತರ 1,125 ರೂಪಾಯಿ. ದುಡಿಮೆ ಒಂದು ಪೈಸೆಯೂ ಹೆಚ್ಚದೆ ಈ ದುಡ್ಡು ಎಲ್ಲಿಂದಲೋ ಬರಬೇಕು. ಇಲ್ಲವೇ ರೊಟ್ಟಿ ಕಡಿಮೆಯಾಗಬೇಕು.

ಬೆಲೆ ಏರಿದಾಗ ಮನೆಯ ಮೇಲೆ ಎರಡು ಪೆಟ್ಟು ಒಟ್ಟಿಗೆ ಬೀಳುತ್ತವೆ. ಪಕ್ಕದಲ್ಲಿ ಅಗ್ಗದ ಅಕ್ಕಿ ಇರುವಾಗ ಜೋಳವೇ ಏಕೆ ಎಂಬ ಪ್ರಶ್ನೆ ಮೊದಲನೆಯದು. ಇಡೀ ಮನೆಯೇ ಅಷ್ಟರ ಮಟ್ಟಿಗೆ ಬಡವಾಯಿತು ಎಂಬುದು ಎರಡನೆಯದು. ಯಾಕೆಂದರೆ ಅದೇ ದುಡ್ಡಿಗೆ ಈಗ ಎಲ್ಲವೂ ಕಡಿಮೆ ಬರುತ್ತದೆ. ಪುಸ್ತಕದಲ್ಲಿ ಇವೆರಡನ್ನೂ ಬೇರೆ ಬೇರೆ ಗೆರೆ ಎಳೆದು ತೋರಿಸುತ್ತಾರೆ. ಒಲೆಯ ಮುಂದೆ ಕೂತವಳಿಗೆ ಎರಡೂ ಒಂದೇ ಹೊತ್ತಿಗೆ ಬರುತ್ತವೆ, ಉತ್ತರವನ್ನೂ ಅವಳು ಒಂದೇ ಸಲಕ್ಕೆ ಕೊಡಬೇಕು. ಅವಳು ಮಾಡುವುದು ಇಷ್ಟು: ರಾತ್ರಿ ಊಟಕ್ಕೆ ಅನ್ನ ಸಾರು, ಬೆಳಿಗ್ಗೆ ಮತ್ತು ಮಧ್ಯಾಹ್ನಕ್ಕೆ ರೊಟ್ಟಿ. ಇನ್ನೂ ಬಿಗಿಯಾದರೆ ಗಿರಣಿಗೆ ಹೋಗುವ ಡಬ್ಬಿಯಲ್ಲಿ ಜೋಳದ ಜೊತೆ ಎರಡು ಹಿಡಿ ರೇಷನ್ ಅಕ್ಕಿ. ಹಿಟ್ಟಿನ ಜಿಗಿ ಕಡಿಮೆಯಾಗುತ್ತದೆ, ಕುದಿಯುವ ಎಸರು ಹಾಕಿ ನಾದಬೇಕು, ರೊಟ್ಟಿ ಆರಿದ ಮೇಲೆ ಬಿರುಸಾಗುತ್ತದೆ. ಆದರೂ ತಟ್ಟೆಯಲ್ಲಿ ರೊಟ್ಟಿ ರೊಟ್ಟಿಯಾಗಿಯೇ ಉಳಿಯುತ್ತದೆ. "ಅನ್ನಾ ಉಂಡ್ರ ಮಗ್ಗದಾಗ ಕುಂತವ್ರಿಗೆ ಮಧ್ಯಾಹ್ನ ಅನ್ನೂದ್ರಾಗ ಹೊಟ್ಟಿ ಚುರುಗುಡತೈತ್ರಿ" ಎಂಬ ಮಾತು ಇಲ್ಲಿ ನೇಕಾರರ ಓಣಿಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ಅಕ್ಕಿ ಪುಕ್ಕಟೆ ಸಿಕ್ಕಿದ ಮಾತ್ರಕ್ಕೆ ಜನ ಅನ್ನಕ್ಕೆ ಒಗ್ಗಿಕೊಳ್ಳುತ್ತಾರೆ ಎಂದು ಭಾವಿಸುವವರು ಈ ಮಾತನ್ನು ಕಿವಿಗೊಟ್ಟು ಕೇಳಬೇಕು.

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1895ರಲ್ಲಿ, ರಾಬರ್ಟ್ ಗಿಫೆನ್ ಎಂಬುವರ ಹೆಸರು ಹೇಳಿ, ಒಂದು ವಿಚಿತ್ರ ಸಂಗತಿಯನ್ನು ದಾಖಲಿಸಿದ. ಬ್ರೆಡ್ಡಿನ ಬೆಲೆ ಏರಿದಾಗ ಬಡ ಕುಟುಂಬಗಳು ಬ್ರೆಡ್ಡನ್ನು ಕಡಿಮೆ ಮಾಡುವ ಬದಲು ಇನ್ನೂ ಹೆಚ್ಚು ತಿನ್ನಬಹುದು. ಮಾಂಸ ಕೊಳ್ಳುವ ಶಕ್ತಿ ಹೋಗುವುದರಿಂದ ಹೊಟ್ಟೆ ತುಂಬಿಸಲು ಬ್ರೆಡ್ಡೇ ಗತಿ. ನೂರು ವರ್ಷಕ್ಕೂ ಹೆಚ್ಚು ಕಾಲ ಇದು ಬರೀ ತರ್ಕ ಎಂದೇ ಅನೇಕರು ನಂಬಿದ್ದರು. 2008ರಲ್ಲಿ ಜೆನ್ಸನ್ ಮತ್ತು ಮಿಲ್ಲರ್ ಎಂಬ ಇಬ್ಬರು ಚೀನಾದ ಹುನಾನ್ ಪ್ರಾಂತದ ಬಡ ಕುಟುಂಬಗಳ ಅಧ್ಯಯನ ಪ್ರಕಟಿಸಿದರು. ಅಕ್ಕಿಗೆ ರಿಯಾಯಿತಿ ಕೊಟ್ಟಾಗ ಆ ಮನೆಗಳು ಅಕ್ಕಿ ತಿನ್ನುವುದನ್ನು ಕಡಿಮೆ ಮಾಡಿ ಉಳಿದ ದುಡ್ಡನ್ನು ಬೇರೆ ಆಹಾರಕ್ಕೆ ಹಾಕಿದ್ದು ಅಲ್ಲಿ ಕಂಡಿತು. ನಮ್ಮ ರೊಟ್ಟಿಯೂ ಇದೇ ಹಾದಿ ಹಿಡಿಯಬಹುದಿತ್ತು: ಜೋಳ ತುಟ್ಟಿ, ಆದ್ದರಿಂದ ಪಲ್ಯೆ ಬಂದ್, ಹಾಲು ಬಂದ್, ರೊಟ್ಟಿ ಮತ್ತು ಖಾರ ಮಾತ್ರ. ಹಾಗಾಗದಂತೆ ತಡೆದದ್ದು ರೇಷನ್ ಅಕ್ಕಿ ಎಂದೇ ನನ್ನ ನಂಬಿಕೆ. ಈ ಅಕ್ಕಿ ಕೊಡುವ ಅನ್ನಭಾಗ್ಯ ಯೋಜನೆಯನ್ನು ಹಳಿಯುವವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಆದರೆ ಆ ಅಕ್ಕಿ ಇಲ್ಲದ ತಿಂಗಳನ್ನು ಈ ಓಣಿಗಳಲ್ಲಿ ಕಲ್ಪಿಸಿಕೊಳ್ಳಲೂ ನನಗೆ ಮನಸ್ಸಾಗುವುದಿಲ್ಲ.

2023ರ ಜುಲೈನಲ್ಲಿ ಯಾರೂ ಉದ್ದೇಶಿಸದ ಒಂದು ಪ್ರಯೋಗ ಇಡೀ ರಾಜ್ಯದಲ್ಲಿ ನಡೆಯಿತು. ತಲೆಗೆ ಹತ್ತು ಕಿಲೋ ಅಕ್ಕಿ ಕೊಡುವುದಾಗಿ ಸರ್ಕಾರ ಮಾತು ಕೊಟ್ಟಿತ್ತು. ಹೆಚ್ಚುವರಿ ಐದು ಕಿಲೋ ಹೊಂದಿಸಲು ಅಕ್ಕಿ ಸಿಗಲಿಲ್ಲ. ಆಹಾರ ನಿಗಮದಿಂದ ರಾಜ್ಯಗಳಿಗೆ ಮಾರುವುದನ್ನು ಕೇಂದ್ರ ನಿಲ್ಲಿಸಿತ್ತು. ಹಾಗಾಗಿ ಕಿಲೋಗೆ 34ರ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಖಾತೆಗೆ ಬರತೊಡಗಿತು. ಐದು ಜನರ ಮನೆಗೆ 850 ರೂಪಾಯಿ. ನಮ್ಮ ಮೇಲಿನ ಲೆಕ್ಕದಲ್ಲಿ ಈ 850ಕ್ಕೆ, 60ರ ದರದಲ್ಲಿ, 14 ಕಿಲೋ ಜೋಳ ಬರುತ್ತದೆ. ಒಂಬತ್ತು ದಿನದ ರೊಟ್ಟಿ. ಅಥವಾ ಇಡೀ ತಿಂಗಳಿನ ಬೇಳೆ, ಎಣ್ಣೆ. ಅದೇ ದುಡ್ಡು ಅಕ್ಕಿಯಾಗಿ ಬಂದರೆ 25 ಕಿಲೋ. ಆಗಲೇ ಅಷ್ಟೇ ಅಕ್ಕಿ ಇರುವ ಮನೆಯಲ್ಲಿ ಇನ್ನೊಂದು ಚೀಲ. ಹಣ ತಡವಾಗಿ ಬರುತ್ತಿತ್ತು ಎಂಬ ದೂರು ಇತ್ತು, ಅದು ನಿಜವಾದ ದೂರು. ಆದರೆ ಬಂದಾಗ ಅದನ್ನು ಯಾವುದಕ್ಕೆ ಹಾಕಬೇಕೆಂದು ನಿರ್ಧರಿಸುತ್ತಿದ್ದವಳು ಮನೆಯವಳೇ. 2025ರ ಫೆಬ್ರುವರಿಯಲ್ಲಿ ಕೇಂದ್ರ ಕಿಲೋಗೆ 22.50ಕ್ಕೆ ಅಕ್ಕಿ ಕೊಡಲು ಒಪ್ಪಿದ ಮೇಲೆ ಹಣ ನಿಂತಿತು, ಅಕ್ಕಿ ಬಂತು. ಸರ್ಕಾರದ ಬೊಕ್ಕಸಕ್ಕೆ ಅದು ಲಾಭದ ವ್ಯವಹಾರ. ರೊಟ್ಟಿ ಉಣ್ಣುವ ಮನೆಗೆ ಅದು ಆಯ್ಕೆಯ ನಷ್ಟ.

ಜರ್ಮನಿಯ ಅರ್ನ್ಸ್ಟ್ ಎಂಗೆಲ್ 1857ರಲ್ಲಿ ಕಾರ್ಮಿಕ ಕುಟುಂಬಗಳ ಖರ್ಚಿನ ಪಟ್ಟಿಗಳನ್ನು ಓದಿ, ಆದಾಯ ಹೆಚ್ಚಿದಂತೆ ಅದರಲ್ಲಿ ಊಟದ ಪಾಲು ಕಡಿಮೆಯಾಗುತ್ತದೆ ಎಂದು ತೋರಿಸಿದ್ದ. ಕೇಂದ್ರ ಸರ್ಕಾರದ 2023–24ರ ಗೃಹಬಳಕೆ ಖರ್ಚಿನ ಸಮೀಕ್ಷೆ ನೋಡಿ. ದೇಶದ ಹಳ್ಳಿಗಳಲ್ಲಿ ತಲಾ ಖರ್ಚು ತಿಂಗಳಿಗೆ 4,122 ರೂಪಾಯಿ, ಅದರಲ್ಲಿ ಆಹಾರಕ್ಕೆ ಶೇ 47. 1999–2000ರಲ್ಲಿ ಇದು ಶೇ 59ರಷ್ಟಿತ್ತು. ಧಾನ್ಯಕ್ಕಂತೂ ಆಗ ಶೇ 22, ಈಗ ಶೇ 5ರ ಸುತ್ತಮುತ್ತ. ಒಟ್ಟಾರೆಯಾಗಿ ದೇಶ ಮುಂದೆ ಬಂದಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಸರಾಸರಿಯ ಒಳಗೆ ನಮ್ಮ ಮನೆಯನ್ನು ಇಟ್ಟು ನೋಡಿ. 45 ಕಿಲೋ ಜೋಳಕ್ಕೇ 2,700 ಕೊಡುವ ಐದು ಜನರ ಮನೆ ಸರಾಸರಿ ಕುಟುಂಬದಷ್ಟೇ ಖರ್ಚು ಮಾಡಿದರೂ ಆ ಧಾನ್ಯದ ಪಾಲು ಶೇ 13 ದಾಟುತ್ತದೆ. ಖರ್ಚು ಅದರ ಅರ್ಧವಾದರೆ ಶೇ 26. ಕಾಲು ಶತಮಾನದ ಹಿಂದೆ ದೇಶ ಇದ್ದ ಜಾಗಕ್ಕಿಂತಲೂ ಹಿಂದೆ. ಹಣದುಬ್ಬರ ಶೇ 4 ಎಂದೋ 5 ಎಂದೋ ಪತ್ರಿಕೆಯಲ್ಲಿ ಓದಿದ ದಿನವೇ ಈ ಮನೆಯ ಹಣದುಬ್ಬರ ಬೇರೆಯೇ ಆಗಿರುತ್ತದೆ. ಸೂಚ್ಯಂಕದ ಬುಟ್ಟಿಯಲ್ಲಿ ಇರುವುದು ಎಲ್ಲರ ಸಾಮಾನು, ಈ ಮನೆ ಕೊಳ್ಳುವುದು ತನ್ನ ಸಾಮಾನು.

ಹಾಗಾದರೆ ಜೋಳಕ್ಕೆ ಬೇಕಾದ ಆ ಹೆಚ್ಚಿನ 1,125 ರೂಪಾಯಿ ಎಲ್ಲಿಂದ ಬರುತ್ತದೆ? ನಾನು ಬಲ್ಲ ಮನೆಗಳಲ್ಲಿ ಕೈಬಿಡುವುದಕ್ಕೆ ಒಂದು ಸರದಿ ಇದೆ. ಹಣ್ಣು ಮೊದಲು ಹೋಗುತ್ತದೆ. ಅದು ಮೊದಲೇ ಹೆಚ್ಚು ಇರುವುದಿಲ್ಲ. ಆಮೇಲೆ ಹಾಲು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ಚಹಾದ ಬಣ್ಣ ಗಾಢವಾದದ್ದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದಿತ್ತು. ಮಕ್ಕಳಿಗೆ ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲಿದೆ, ಮೊಟ್ಟೆ ಇದೆ ಎಂಬ ಧೈರ್ಯವೂ ಈ ಕಡಿತದ ಹಿಂದೆ ಇರುತ್ತದೆ. ಕಾಯಿಪಲ್ಯೆಯಲ್ಲಿ ಬದನೆ, ಹೀರೆ ಹೋಗಿ ಪುಂಡಿಪಲ್ಯೆ, ರಾಜಗಿರಿ ಬರುತ್ತದೆ. ಉಳ್ಳಾಗಡ್ಡಿ ತುಟ್ಟಿಯಾದರೆ ಒಗ್ಗರಣೆಯಲ್ಲಿ ಕಡಿಮೆ, ಆದರೆ ರೊಟ್ಟಿಯ ಪಕ್ಕ ಕಚ್ಚಿಕೊಳ್ಳಲು ಒಂದು ತುಂಡು ಬೇಕೇ ಬೇಕು. 2019ರ ಡಿಸೆಂಬರ್‌ನಲ್ಲಿ ಅದು ಕಿಲೋಗೆ ನೂರು ದಾಟಿದಾಗ ಆ ತುಂಡೂ ಹೋಯಿತು. ಬೇಳೆ ತುಟ್ಟಿಯಾದರೆ ಸಾರು ತೆಳ್ಳಗೆ, ತೊಗರಿಯ ಜಾಗಕ್ಕೆ ಮಡಕಿ, ಹೆಸರು. ಪಂಚಮಿಯ ಉಂಡಿ ಮಾತ್ರ ನಿಲ್ಲುವುದಿಲ್ಲ. ತವರಿಗೆ ಬಂದ ಮಗಳನ್ನು ಬರಿಗೈಯಲ್ಲಿ ಕಳಿಸುವ ಮನೆ ಈ ಸೀಮೆಯಲ್ಲಿ ಇಲ್ಲ. ಬೇಸನ್ ಉಂಡಿಯ ಜಾಗದಲ್ಲಿ ಶೇಂಗಾ ಉಂಡಿ ಹೆಚ್ಚಾಗಬಹುದು, ಅಷ್ಟೇ.

ಈ ಸರದಿಯಲ್ಲಿ ಒಂದು ಹೆಸರು ಎಲ್ಲೂ ಬರೆದಿರುವುದಿಲ್ಲ. ಎಲ್ಲರಿಗೂ ಬಡಿಸಿದ ಮೇಲೆ ಉಣ್ಣುವವಳ ಪಾಲು ಎಲ್ಲಕ್ಕಿಂತ ಮೊದಲು ಕಡಿಮೆಯಾಗುತ್ತದೆ. ಬುಟ್ಟಿಯಲ್ಲಿ ಒಂದೇ ರೊಟ್ಟಿ ಉಳಿದಿದ್ದರೆ ಅವಳು ಒಂದು ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿಯಲ್ಲಿ ಮುಗಿಸುತ್ತಾಳೆ. ಖರ್ಚಿನ ಸಮೀಕ್ಷೆಗಳು ಮನೆಯ ಒಳಗಿನ ತಟ್ಟೆಗಳನ್ನು ಬೇರೆ ಬೇರೆ ತೂಗುವುದಿಲ್ಲ. ಕುಟುಂಬದ ಆಯ್ಕೆ ಎಂದು ನಾವು ಬರೆಯುವ ಕಡೆಯೆಲ್ಲ ಈ ಕಡಿತ ಅಡಗಿದೆ. ಈ ಲೇಖನ ಬರೆಯಲು ನನ್ನನ್ನು ಹಚ್ಚಿದ್ದು ಇದೇ ಸಂಗತಿ.

ಆದಾಯವೇ ಎಷ್ಟು ಎಂಬುದೂ ಸರಳವಲ್ಲ. ನೇಕಾರನಿಗೆ ವಾರಕ್ಕೊಮ್ಮೆ ಬಟವಡೆ. ನೇಯ್ದ ಸೀರೆಗೆ ಇಷ್ಟು ಎಂದು ಮಜೂರಿ. ಬಟವಡೆಯ ಸಂಜೆ ಕಿರಾಣಿ ಅಂಗಡಿಯ ಕಟ್ಟೆಯ ಮುಂದೆ ನಿಂತರೆ ನೋಡಬಹುದು: ಮೊದಲು ಉದ್ರಿ ಪುಸ್ತಕ ಹೊರಗೆ ಬರುತ್ತದೆ. ಹಿಂದಿನ ಬಾಕಿಯಲ್ಲಿ ಅರ್ಧ ತೀರಿಸಿ, ಉಳಿದದ್ದನ್ನು ಮುಂದಕ್ಕೆ ಬರೆಸಿ, ಆಮೇಲೆ ಹೊಸ ಸಾಮಾನು. "ಅಣ್ಣಾರ, ಈ ವಾರ ಎಣ್ಣಿ ಅರ್ಧಾ ಕಿಲೋ ಸಾಕ್ರಿ. ಬ್ಯಾಳಿ ಪಾವ ಕಿಲೋ ಕೊಡ್ರಿ." ದೊಡ್ಡ ಅಂಗಡಿಯಲ್ಲಿ ಅದೇ ಸಾಮಾನು ಒಂದೆರಡು ರೂಪಾಯಿ ಅಗ್ಗ ಎಂದು ಈ ನೇಕಾರನ ಹೆಂಡತಿಗೆ ಗೊತ್ತಿಲ್ಲ ಎಂದು ತಿಳಿಯಬೇಡಿ. ಆಷಾಢದಲ್ಲಿ ಲಗ್ನಗಳಿಲ್ಲದೆ ಸೀರೆ ಮಾರಾಟವಾಗದೆ ಉಳಿದಾಗ, ಮಗ್ಗ ನಿಂತಾಗ, ಉದ್ರಿ ಕೊಡುವವನು ಈ ಅಂಗಡಿಯವನೇ. ಆ ಒಂದೆರಡು ರೂಪಾಯಿ ಹೆಚ್ಚು ಕೊಟ್ಟು ಅವಳು ಕೊಳ್ಳುವುದು ಕೆಟ್ಟ ತಿಂಗಳಿನ ಭರವಸೆಯನ್ನು. ಇದಕ್ಕಿಂತ ವಿವೇಕದ ಖರೀದಿ ಇನ್ನೊಂದಿಲ್ಲ.

ಉದ್ರಿಗಿಂತ ಕಠಿಣವಾದದ್ದು ವಾರದ ಕಂತು. ಸಂಘದ ಸಾಲ, ಮೈಕ್ರೊಫೈನಾನ್ಸ್ ಸಾಲ, ಗುಂಪಿನಲ್ಲಿ ಒಬ್ಬಳು ತಪ್ಪಿದರೆ ಉಳಿದವರ ಮೇಲೆ ಭಾರ. ವಸೂಲಿಯ ಕಾಟ ಮಿತಿಮೀರಿ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಂತು ಕಟ್ಟಿದ ಮೇಲೆ ಉಳಿದದ್ದೇ ಆದಾಯ. ಬೆಲೆ ಏರಿದರೆ ಎಣ್ಣೆ ಕಡಿಮೆ ಮಾಡಬಹುದು, ಹಾಲು ಕಡಿಮೆ ಮಾಡಬಹುದು. ಕಂತಿನಲ್ಲಿ ಹತ್ತು ರೂಪಾಯಿ ಕಡಿಮೆ ಮಾಡಲು ಬರುವುದಿಲ್ಲ. ಹಾಗಾಗಿ ಪೆಟ್ಟೆಲ್ಲ ಊಟದ ಮೇಲೆ ಬೀಳುತ್ತದೆ.

ರಾಮದುರ್ಗ ಒಂದು ಕಾಲಕ್ಕೆ ಭಾವೆ ಮನೆತನದ ಪುಟ್ಟ ಸಂಸ್ಥಾನ, 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಮಗ್ಗದ ಸದ್ದು ಮಾತ್ರ ಇನ್ನೂ ಇದೆ. ಇಲ್ಲಿನ ನೇಕಾರನಿಗೆ ಬೆಲೆ ಏರಿಕೆ ಎರಡು ಕಡೆಯಿಂದ ಹೊಡೆಯುತ್ತದೆ. ಕೊಳ್ಳುವಾಗ ಬೇಳೆ ತುಟ್ಟಿ. ಮಾರುವಾಗ, ಬೇಳೆ ತುಟ್ಟಿಯಾದದ್ದರಿಂದಲೇ, ಸೀರೆ ಕೊಳ್ಳುವವರಿಲ್ಲ. ಬೈಲಹೊಂಗಲದ ರೈತನ ಹೆಂಡತಿಯೋ ಸವದತ್ತಿಯ ಕೂಲಿಯ ಹೆಣ್ಣುಮಗಳೋ ಈ ವರ್ಷ ಹಳೆಯ ಸೀರೆಯೇ ಸಾಕು ಎಂದುಕೊಂಡರೆ ಅದು ಅವಳ ಮನೆಯ ಮಟ್ಟಿಗೆ ಸರಿಯಾದ ನಿರ್ಧಾರ. ಅಂಥ ನೂರು ಸರಿಯಾದ ನಿರ್ಧಾರಗಳು ಸೇರಿದರೆ ರಾಮದುರ್ಗದಲ್ಲಿ ಒಂದು ಮಗ್ಗ ನಿಲ್ಲುತ್ತದೆ. ಬರಗಾಲಗಳಲ್ಲಿ ಇದು ಸಾವಿಗೇ ಮುಟ್ಟುತ್ತಿತ್ತು. ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ ಬಂಗಾಳದ 1943ರ ಕ್ಷಾಮವನ್ನು ಬಿಡಿಸಿಟ್ಟಾಗ ಕಂಡದ್ದು ಇದೇ: ಧಾನ್ಯ ಇದ್ದರೂ, ಅದನ್ನು ಕೊಳ್ಳಲು ತಮ್ಮ ದುಡಿಮೆಯನ್ನು ಮಾರಲಾಗದ ಕೂಲಿಗಳು, ಮೀನುಗಾರರು, ಕಸುಬುದಾರರು ಹೆಚ್ಚಾಗಿ ಸತ್ತರು. ಇವತ್ತು ಅಂಥ ಕ್ಷಾಮ ಇಲ್ಲ, ರೇಷನ್ ಇದೆ. ಆದರೆ ಸರಪಳಿ ಅದೇ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮನೆಗಳಿಗೆ ನುಗ್ಗಿ ಮಗ್ಗಗಳನ್ನು ನೆನೆಸಿತು. ಅವು ಒಣಗುವಷ್ಟರಲ್ಲಿ 2020ರ ಲಾಕ್‌ಡೌನ್ ಬಂದು ಲಗ್ನಸರಾಯಿ ಮುಳುಗಿತು. ಇಂಥ ಎರಡು ವರ್ಷ ಕಂಡ ಮನೆ ಸೀರೆ ಮಾರಿದ ದುಡ್ಡಿನಲ್ಲಿ ಬೆಳಿಗ್ಗೆ ಬೇಳೆ ತಂದು ಸಂಜೆಗೆ ನಿಶ್ಚಿಂತವಾಗಿ ಇರಲಾರದು.

ಈ ಸುತ್ತಲಿನ ತಾಲ್ಲೂಕುಗಳಲ್ಲಿ ಅನೇಕ ಮನೆಗಳು ಕೊಳ್ಳುವವರೂ ಹೌದು, ಮಾರುವವರೂ ಹೌದು. ಬ್ಯಾಡಗಿ ಮೆಣಸಿನಕಾಯಿಯ ದರ ಕುಸಿದು 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಬೆಂಕಿಗೆ ತಿರುಗಿದ ಆ ದಿನಗಳಲ್ಲೇ ವರ್ಷದ ಖಾರ ಕುಟ್ಟಿಸುವ ಮನೆಗಳಿಗೆ ಹಗುರವಾಯಿತು. ಒಂದೇ ಮನೆಯಲ್ಲಿ ಅಣ್ಣ ಮೆಣಸಿನಕಾಯಿ ಬೆಳೆದು, ತಮ್ಮ ಮಗ್ಗ ನೇಯ್ದರೆ ಆ ಮನೆಗೆ ಅದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಹೇಳುವುದು ಕಷ್ಟ.

ರಾಜ್ಯ ಸರ್ಕಾರ ಮನೆಯ ಯಜಮಾನಿಗೆ ತಿಂಗಳಿಗೆ ಕೊಡುವ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಹೆಂಗಸರು ಏನು ಮಾಡುತ್ತಾರೆ ಎಂಬ ಕುತೂಹಲ 2023ರಿಂದ ಎಲ್ಲರಿಗೂ ಇದೆ. ಫ್ರಿಜ್ ತಂದವರಿದ್ದಾರೆ, ಮಗನಿಗೆ ಮೊಬೈಲು ಕೊಡಿಸಿದವರಿದ್ದಾರೆ. ನಮ್ಮದೇ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಅಜ್ಜಿಯೊಬ್ಬರು 2024ರಲ್ಲಿ ಆ ಹಣ ಕೂಡಿಟ್ಟು ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದರು. ದುಡ್ಡು ದುಡ್ಡೇ, ಮಗ್ಗದಿಂದ ಬಂದರೇನು ಸರ್ಕಾರದಿಂದ ಬಂದರೇನು ಎಂದು ಹಳೆಯ ಅರ್ಥಶಾಸ್ತ್ರ ಹೇಳುತ್ತಿತ್ತು. ಜನ ಹಾಗೆ ನೋಡುವುದಿಲ್ಲ, ಪ್ರತಿ ದುಡ್ಡಿಗೂ ಮನಸ್ಸಿನಲ್ಲಿ ಬೇರೆ ಖಾತೆ ಇರುತ್ತದೆ ಎಂದು ತೋರಿಸಿದವರಲ್ಲಿ ರಿಚರ್ಡ್ ಥೇಲರ್ ಒಬ್ಬರು, 2017ರಲ್ಲಿ ನೊಬೆಲ್ ಪಡೆದವರು. ಗಂಡನ ಬಟವಡೆಯಲ್ಲಿ ಹೆಂಡತಿಗೆ ಹೇಳಿಕೊಳ್ಳುವ ಪಾಲು ಇರಲಿಲ್ಲ. ಈ ಎರಡು ಸಾವಿರ ತನ್ನದು ಎಂಬ ಭಾವ ಇರುವುದರಿಂದಲೇ ಅದರ ಖರ್ಚಿನಲ್ಲಿ ತನ್ನ ಇಷ್ಟಕ್ಕೂ ಜಾಗವಿದೆ. ಆ ಹೋಳಿಗೆ ಊಟವನ್ನು ದುಂದು ಎಂದವರೊಡನೆ ನನಗೆ ಸಹಮತವಿಲ್ಲ. ಆಯ್ಕೆ ಎಂದರೆ ಕೈಬಿಡುವುದು ಮಾತ್ರ ಆಗಿಹೋದ ಬದುಕಿನಲ್ಲಿ ಆ ಅಜ್ಜಿಗೆ ಕೊಡುವುದನ್ನೂ ಆರಿಸಿಕೊಳ್ಳಲು ಸಾಧ್ಯವಾಯಿತು.

ಮತ್ತೆ ಜೋಳಕ್ಕೆ ಬರೋಣ. ಉತ್ತರ ಕರ್ನಾಟಕಕ್ಕೆ ರೇಷನ್ನಿನಲ್ಲಿ ಜೋಳವೇ ಕೊಡಿ ಎಂಬ ಬೇಡಿಕೆ ಹಳೆಯದು. ಸರ್ಕಾರ ಬೆಂಬಲ ಬೆಲೆಗೆ ಜೋಳ ಖರೀದಿಸಿ ಹಂಚುವ ಪ್ರಯತ್ನವನ್ನೂ ಮಾಡಿದೆ. ತೊಡಕು ಇರುವುದು ದರದಲ್ಲಿ. 2023–24ರಲ್ಲಿ ಮಾಲದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,225 ರೂಪಾಯಿ. ಪೇಟೆಯಲ್ಲಿ ಅದಕ್ಕಿಂತ ಹೆಚ್ಚು ಸಿಗುತ್ತಿರುವಾಗ ಯಾವ ರೈತ ಖರೀದಿ ಕೇಂದ್ರದ ಮುಂದೆ ಸಾಲು ನಿಲ್ಲುತ್ತಾನೆ? ಜೋಳ ಅಗ್ಗವಿದ್ದಾಗ ಸರ್ಕಾರಕ್ಕೆ ಜೋಳ ಸಿಗುತ್ತದೆ, ತುಟ್ಟಿಯಾಗಿ ಬಡವನಿಗೆ ಬೇಕಾದಾಗ ಸಿಗುವುದಿಲ್ಲ. ಪೇಟೆಯ ದರ ಕೊಟ್ಟು ಕೊಳ್ಳುವ ಮನಸ್ಸು ಮಾಡದೆ ಈ ಗಂಟು ಬಿಡುವುದಿಲ್ಲ.

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಆಹಾರ ಕಿಟ್ ಕೊಡಲು ತೀರ್ಮಾನಿಸಿತು. ರೇಷನ್ ಅಕ್ಕಿ ಕಾಳಸಂತೆಗೆ ಹರಿಯುತ್ತಿದೆ ಎಂಬುದು ಕಾರಣಗಳಲ್ಲಿ ಒಂದು. ಬೇಡದಷ್ಟು ಅಕ್ಕಿಯನ್ನು ಮಾರಿ ಬೇಕಾದ ಬೇಳೆ ತಂದ ಮನೆ ಕಾನೂನು ಮುರಿಯಿತು, ನಿಜ. ಅದರ ಜೊತೆಗೆ ತನಗೆ ಏನು ಬೇಕು ಎಂಬುದನ್ನೂ ಸರ್ಕಾರಕ್ಕೆ ತಿಳಿಸಿತು, ಸರ್ಕಾರ ಕೊನೆಗೂ ಕೇಳಿಸಿಕೊಂಡಿತು. ಬೇಳೆ, ಎಣ್ಣೆ ಬಂದರೆ ನಮ್ಮ ಲೆಕ್ಕದ ಮನೆಯಲ್ಲಿ ಒಂದಿಷ್ಟು ದುಡ್ಡು ಜೋಳಕ್ಕೆ ಬಿಡುವಾಗುತ್ತದೆ. ಹಾಗಾಗಿ ಈ ತೀರ್ಮಾನ ನನಗೆ ಹಿಡಿಸಿದೆ. ಆದರೆ ಬೆಂಗಳೂರಿನಿಂದ ಬೀದರ್‌ವರೆಗೆ, ಅನ್ನ ಉಣ್ಣುವವರಿಗೂ ಮುದ್ದೆ ಉಣ್ಣುವವರಿಗೂ ರೊಟ್ಟಿ ಉಣ್ಣುವವರಿಗೂ ಒಂದೇ ಚೀಲ ಏಕೆ? ರೇಷನ್ ಅಂಗಡಿಯ ಯಂತ್ರ ಈಗಾಗಲೇ ಪ್ರತಿ ಕಾರ್ಡುದಾರಳ ಬೆರಳಚ್ಚು ತೆಗೆದುಕೊಳ್ಳುತ್ತದೆ. ಅದೇ ಯಂತ್ರದಲ್ಲಿ ಈ ತಿಂಗಳು ಅಕ್ಕಿಯೇ, ಜೋಳವೇ, ಬೇಳೆಯೇ ಎಂದು ಅವಳನ್ನು ಕೇಳಿ, ಬಂದ ಉತ್ತರದ ಪ್ರಕಾರ ಮುಂದಿನ ತಿಂಗಳ ದಾಸ್ತಾನು ತರಿಸಬಹುದು. ರಾಮದುರ್ಗ, ಸವದತ್ತಿ ತಾಲ್ಲೂಕುಗಳಲ್ಲಿ ಇದನ್ನು ಒಂದು ವರ್ಷ ಮಾಡಿ ನೋಡಲು ಹೊಸ ಕಾನೂನೇನೂ ಬೇಕಾಗುವಂತೆ ಕಾಣುವುದಿಲ್ಲ.